ಎಣಿಸುವವನು ಬಂದ ವಾರ

ಇಪ್ಪತ್ತಾರು ವರ್ಷ ನಾನು ಕೆಲ್‌ಬೆಕ್ ಗೇಟು ಕಾದೆ. ರೈಲು ಬರುವ ಮುಂಚೆ ರಸ್ತೆಗೆ ಅಡ್ಡ ಗೇಟು ಎಳೆಯುವುದು, ಹೋದ ಮೇಲೆ ಹಳಿಗೆ ಅಡ್ಡ ಎಳೆಯುವುದು, ಇಷ್ಟೇ ಕೆಲಸ. ಹಳಿ ಪಕ್ಕದ ಎರಡು ಕೋಣೆಯ ಮನೆಯನ್ನು ರೈಲ್ವೆಯವರು ಅದಕ್ಕೇ ಕೊಟ್ಟಿದ್ದರು. ಆಗ್ನೆಸ್ ಹೋಲ್ಗೇಟಳ ಬಾಯಿ ಜೋರು ಅಂತ ಕಣಿವೆಯಲ್ಲೆಲ್ಲ ಹೆಸರು. ಇರಲಿ, ಸುಳ್ಳೇನಲ್ಲ. ಆ ಬಾಯಿಂದ ಆದದ್ದನ್ನೇ ಈಗ ಹೇಳಲು ಕೂತಿದ್ದೇನೆ.

ನಮ್ಮ ಲೈನು ಒಟ್ಟು ಒಂಬತ್ತು ಮೈಲಿ. ಮೇಲಿನ ತುದಿಗೆ ಸ್ಟೇನ್‌ಗಿಲ್, ಕೆಳಗಿನ ತುದಿಗೆ ಬ್ರಾಕ್ಸ್‌ಬಿ ಪಟ್ಟಣ, ನಡುವೆ ನಾಲ್ಕು ಪುಟ್ಟ ನಿಲ್ದಾಣ. ನನ್ನ ಅಜ್ಜನ ಕಾಲದಲ್ಲಿ ಸೀಸದ ಗಣಿಯವರು ಹಾಕಿಸಿದ ಹಳಿ. ಹಳಿ ಹಾಕಿ ಮುಗಿಯುವ ಹೊತ್ತಿಗೆ ಗಣಿಯಲ್ಲಿ ಸೀಸವೇ ಮುಗಿದಿತ್ತು. ಆಮೇಲೆ ಕಲ್ಲು ಸಾಗಿತು, ಕಲ್ಲೂ ಮುಗಿಯಿತು. ಕೊನೆಗೆ ಉಳಿದದ್ದು ಹಾಲಿನ ಕ್ಯಾನು, ಕುರಿ ಮತ್ತು ನಾವು. ದಿನಕ್ಕೆ ಎರಡು ಸಲ ಕೆಳಗೆ, ಎರಡು ಸಲ ಮೇಲೆ. ಬುಧವಾರ ಬ್ರಾಕ್ಸ್‌ಬಿ ಸಂತೆ, ಅವತ್ತು ಮೂರು ಸಲ. ಭಾನುವಾರ ಇಲ್ಲ. ಸೂಲಗಿತ್ತಿ ಬರುತ್ತಿದ್ದದ್ದು ಆ ರೈಲಿನಲ್ಲಿ, ಹೆಣದ ಪೆಟ್ಟಿಗೆ ಹೋಗುತ್ತಿದ್ದದ್ದೂ ಆ ರೈಲಿನಲ್ಲೇ. ನಲವತ್ತೇಳರ ಮಹಾ ಹಿಮದಲ್ಲಿ ರಸ್ತೆ ಏಳು ವಾರ ಮುಚ್ಚಿತ್ತು. ರೈಲು ನಿಂತದ್ದು ನಾಲ್ಕೇ ದಿನ. ಐದನೆಯ ದಿನ ಎಂಜಿನ್ನಿನ ಮೂತಿಗೆ ನೇಗಿಲಿನಂಥ ಕಬ್ಬಿಣ ಕಟ್ಟಿಕೊಂಡು ಹಿಮ ಸೀಳುತ್ತಾ ಬಂತು. ನಾವೆಲ್ಲ ಗೇಟಿನ ಹತ್ತಿರ ನಿಂತು ಚಪ್ಪಾಳೆ ತಟ್ಟಿದ್ದೆವು.

ಆ ರೈಲಿನ ಗಾರ್ಡು ಕತ್ಬರ್ಟ್ ರೇನ್. ಸ್ಟೇನ್‌ಗಿಲ್‌ನವನು, ಉದ್ದನೆಯ ಆಳು, ಮೀಸೆಯಲ್ಲಿ ಯಾವಾಗಲೂ ಚಹಾದ ಹನಿ. ಅರವತ್ತರ ಹೆಂಗಸನ್ನೂ ಹುಡುಗಿ ಅಂತಲೇ ಕರೆಯುವುದು ನಮ್ಮ ಕಡೆಯ ವಾಡಿಕೆ. ಆದರೆ ಕತ್ಬರ್ಟ್ ಕರೆದರೆ ಮಾತ್ರ ಒಂದು ಗಳಿಗೆ ನಿಜವಾಗಿ ಹುಡುಗಿಯಾದ ಹಾಗೆ ಅನ್ನಿಸುತ್ತಿತ್ತು. ನಮ್ಮ ನಿಲ್ದಾಣಗಳಲ್ಲಿ ಟಿಕೆಟ್ ಕೊಡುವವರಿಲ್ಲ. ಗಾರ್ಡೇ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಡಬ್ಬಿಯೊಳಗೆ ಬಂದು ಹರಿದು ಕೊಡಬೇಕು. ಕತ್ಬರ್ಟ್ ಅಪರಿಚಿತರಿಗೆ ಚೀಲ ತೆರೆಯುತ್ತಿದ್ದ. ಕಣಿವೆಯವರನ್ನು ಕಂಡರೆ ಚೀಲ ಬೆನ್ನಿಗೆ ಸರಿಸಿಕೊಂಡು ಹವಾಮಾನದ ಮಾತಾಡುತ್ತಿದ್ದ. ಯುದ್ಧದ ಕಾಲದಲ್ಲಿ ಜನರ ಕೈ ಬರಿದಾಗಿದ್ದಾಗ ಶುರುವಾದದ್ದು, ಹಾಗೇ ಇಪ್ಪತ್ತು ವರ್ಷ ನಡೆಯಿತು. ಅವನ ಡಬ್ಬಿಯ ಮೂಲೆಯಲ್ಲಿ ಒಂದು ಬುಟ್ಟಿ ಇರುತ್ತಿತ್ತು. ಇಳಿಯುವಾಗ ಒಬ್ಬರು ಮೊಟ್ಟೆ ಇಡುತ್ತಿದ್ದರು, ಒಬ್ಬರು ಮೊಲ, ಇನ್ನೊಬ್ಬರು ಬೆಣ್ಣೆ. ಯಾರು ಇಟ್ಟರು ಅಂತ ಅವನು ನೋಡುತ್ತಿರಲಿಲ್ಲ, ಇಟ್ಟವರೂ ಹೇಳುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಬ್ಬರ ಬಾಯಲ್ಲೂ ಒಂದು ಮಾತು ಬರಲಿಲ್ಲ. ಉಪಕಾರ ಮಾಡಿದವನ ಮುಂದೆ ಅದರ ಹೆಸರೆತ್ತುವುದು ನಮ್ಮಲ್ಲಿ ಬೈಗುಳಕ್ಕಿಂತ ಕಡೆ.

ನನಗೆ ಅವನು ಮಾಡಿದ ಉಪಕಾರ ಮೊಟ್ಟೆಯಲ್ಲಿ ತೀರುವಂಥದ್ದಲ್ಲ. ನನ್ನ ಗಂಡ ವಿಲ್ಫ್ ಕಲ್ಲಿನ ಗಣಿಯಲ್ಲಿ ಹನ್ನೆರಡು ವರ್ಷ ದೂಳು ಕುಡಿದವನು. ಆಮೇಲೆ ಹಳಿ ರಿಪೇರಿಯ ಕೆಲಸಕ್ಕೆ ಸೇರಿದ, ಆದರೆ ದೂಳು ಎದೆಯಲ್ಲೇ ಉಳಿಯಿತು. ಐವತ್ತು ದಾಟುವಷ್ಟರಲ್ಲಿ ಅಂಗಳ ದಾಟಲೂ ಆಗದ ಸ್ಥಿತಿ. ಪ್ರತಿ ಬುಧವಾರ ಬ್ರಾಕ್ಸ್‌ಬಿ ಆಸ್ಪತ್ರೆಗೆ ಹೋಗಿ ಎದೆಯಲ್ಲಿ ಕಟ್ಟಿದ ನೀರು ತೆಗೆಸಿಕೊಂಡು ಬರಬೇಕು. ಎರಡು ವಾರ ತಪ್ಪಿದರೆ ಕಷ್ಟ, ಮೂರು ವಾರ ತಪ್ಪಿಸಲೇಬೇಡಿ ಅಂತ ಡಾಕ್ಟರು ಹೇಳಿದ್ದರು. ನಾನು ಗೇಟು ಬಿಟ್ಟು ಹೋಗುವ ಹಾಗಿಲ್ಲ. ಕತ್ಬರ್ಟನೇ ಪ್ರತಿ ಬುಧವಾರ ಗೇಟಿನ ಹತ್ತಿರ ರೈಲು ನಿಲ್ಲಿಸಿ, ವಿಲ್ಫನನ್ನು ಮಗುವಿನ ಹಾಗೆ ಎತ್ತಿಕೊಂಡು, ತನ್ನ ಡಬ್ಬಿಯ ಒಲೆ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದ. ಕೆಲ್‌ಬೆಕ್ ನಿಲ್ದಾಣ ಅರ್ಧ ಮೈಲಿ ಆಚೆ. ಗೇಟಿನಲ್ಲಿ ರೈಲು ನಿಲ್ಲಿಸಕೂಡದು, ಗಾರ್ಡಿನ ಡಬ್ಬಿಯಲ್ಲಿ ಯಾರನ್ನೂ ಕೂರಿಸಕೂಡದು. ಎರಡು ನಿಯಮ ಒಟ್ಟಿಗೆ ಮುರಿದು, ಮೇಲೆ ತಮಾಷೆ ಬೇರೆ.

"ಏನಯ್ಯಾ ವಿಲ್ಫ್, ಹೋದ ವಾರಕ್ಕಿಂತ ಭಾರ ಆಗಿದ್ದೀಯ. ಈ ಹುಡುಗಿ ನಿನಗೆ ಕಲ್ಲು ಬೇಯಿಸಿ ಹಾಕ್ತಾಳಾ?"

"ಅವಳ ಕೇಕು ತಿಂದು ನೋಡು, ಕಲ್ಲೇ ವಾಸಿ ಅಂತೀಯ," ಅನ್ನುತ್ತಿದ್ದ ವಿಲ್ಫ್, ಉಸಿರು ಸಿಕ್ಕರೆ.

ಅರವತ್ತೊಂದನೆಯ ಇಸವಿ ಏಪ್ರಿಲ್. ಒಂದು ಶನಿವಾರ ಬ್ರಾಕ್ಸ್‌ಬಿ ಸಿಗ್ನಲ್ ಮನೆಯಿಂದ ಗೇಟಿನ ಫೋನಿಗೆ ಕರೆ ಬಂತು. ಆ ಸಿಗ್ನಲಿನವನು ಅರ್ಧ ಮಾತು ನುಂಗಿ ಮಾತಾಡುವವನು.

"ಸೋಮವಾರದಿಂದ ಒಬ್ಬ ಬರ್ತಾನಂತೆ. ದೊಡ್ಡ ಆಫೀಸಿಂದ. ವಾರ ಪೂರ್ತಿ ನಿಮ್ಮ ರೈಲಲ್ಲೇ ಇರ್ತಾನೆ, ಎಣಿಸೋಕೆ."

"ಏನು ಎಣಿಸ್ತಾನೆ?"

"ನನಗೇನ್ ಗೊತ್ತು. ಜನಾನೋ, ಟಿಕೆಟ್ಟೋ. ಗೇಟು ಸರಿಯಾಗಿ ಎಳಿ, ಅಷ್ಟೇ."

ಹಿಂದಿನ ಚಳಿಗಾಲದಲ್ಲಿ ಗುಡ್ಡದಾಚೆಯ ಲೈನಿನಲ್ಲಿ ಒಬ್ಬ ಗಾರ್ಡು ಎರಡು ಬಾತುಕೋಳಿ ತೆಗೆದುಕೊಂಡು ಯಾರನ್ನೋ ಬಿಟ್ಟಿ ಕೂರಿಸಿದ ಅಂತ ಕೆಲಸದಿಂದ ಕಿತ್ತಿದ್ದರು. ಪಿಂಚಣಿಯೂ ಹೋಯಿತು. ಕತ್ಬರ್ಟನಿಗೆ ಪಿಂಚಣಿಗೆ ಇನ್ನು ಎರಡು ವರ್ಷವೂ ಇರಲಿಲ್ಲ. ಡಬ್ಬಿ ತುಂಬ ಜನ, ಒಬ್ಬರ ಕೈಯಲ್ಲೂ ಟಿಕೆಟ್ ಇಲ್ಲ, ಎದುರಿಗೆ ಪೆನ್ಸಿಲ್ ಹಿಡಿದ ಮನುಷ್ಯ. ಕಣ್ಣಿಗೆ ಕಟ್ಟಿದ ಹಾಗಿತ್ತು.

ಎಲ್ಲರೂ ಆ ವಾರ ಟಿಕೆಟ್ ತೆಗೆದುಕೊಂಡರೆ ಆಗುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಅದನ್ನೂ ಯೋಚಿಸಿದೆ. ಇದ್ದಕ್ಕಿದ್ದ ಹಾಗೆ ಒಂದೇ ವಾರ ಅಷ್ಟೊಂದು ಟಿಕೆಟ್ ಹೋದರೆ ಹಿಂದಿನ ವಾರಗಳಲ್ಲಿ ಯಾಕಿಲ್ಲ ಅಂತ ಕೇಳುವುದಿಲ್ಲವೇ? ನಾನು ಬಹಳ ಬುದ್ಧಿವಂತೆ ಅಂದುಕೊಂಡಿದ್ದೆ.

ಭಾನುವಾರ ಚಾಪೆಲ್ಲಿನ ಬಾಗಿಲಲ್ಲಿ ನಿಂತುಕೊಂಡೆ. ಪ್ರಾರ್ಥನೆ ಮುಗಿಸಿ ಹೊರಬರುವ ಒಬ್ಬೊಬ್ಬರನ್ನೂ ತಡೆದು ಹೇಳಿದೆ.

"ಈ ವಾರ ರೈಲು ಹತ್ತಬೇಡಿ. ಕತ್ಬರ್ಟ್ ಮೇಲೆ ಕಣ್ಣಿಡೋಕೆ ಒಬ್ಬ ಬರ್ತಿದ್ದಾನೆ."

ಅಷ್ಟೇ ಸಾಕಾಯಿತು. ಮೇಲ್ಗಡೆ ತೋಟದ ಮನೆಯ ಹೆಸ್ಟರ್ ಆಲ್ಡರ್ಸನ್ ಮಾತ್ರ ಒಂದು ಕ್ಷಣ ನಿಂತಳು. ನನ್ನ ಹಳೆಯ ಗೆಳತಿ, ಸಂತೆಯಲ್ಲಿ ಬೆಣ್ಣೆ ಮಾರುವವಳು.

"ಬುಧವಾರಾನೂ ಬೇಡ್ವೇನೇ? ನನ್ನ ಬೆಣ್ಣೆ?"

"ನೀನೇ ತಿಂದ್ಕೋ. ಇನ್ನೂ ಸ್ವಲ್ಪ ದಪ್ಪಗಾಗು."

"ಅವನನ್ನ ಒಂದ್ ಮಾತು ಕೇಳೋದಲ್ವಾ, ಆಗ್ನೆಸ್?"

"ಏನಂತ ಕೇಳ್ತೀಯ? ಇಪ್ಪತ್ತು ವರ್ಷ ನಮ್ಮನ್ನ ಬಿಟ್ಟಿ ಕರ್ಕೊಂಡು ಹೋದೆಯಲ್ಲ, ಈಗ ಸಿಕ್ಕಿಬೀಳ್ತೀಯಾ ಅಂತಲಾ?"

ಹೆಸ್ಟರ್ ತುಟಿ ಕಚ್ಚಿಕೊಂಡು ಹೋದಳು. ಆ ಮಾತನ್ನು ಅವನ ಮುಖಕ್ಕೆ ಹೇಳುವ ಧೈರ್ಯ ಕಣಿವೆಯಲ್ಲಿ ಯಾರಿಗೂ ಇರಲಿಲ್ಲ.

ಎಣಿಸುವವನು ಬಂದ. ಕಂದು ರೇನ್‌ಕೋಟು, ಮೊಳಕಾಲ ಮೇಲೆ ರಟ್ಟು, ಕಿವಿಯ ಹಿಂದೆ ಪೆನ್ಸಿಲ್. ಮಕ್ಕಳಿಗೆ ಈಸ್ಟರ್ ರಜೆ, ಶಾಲೆಯ ಗಲಾಟೆಯೂ ಇಲ್ಲ. ಸೋಮವಾರ ರೈಲು ಖಾಲಿ ಹೋಯಿತು, ಮಂಗಳವಾರ ಖಾಲಿ ಹೋಯಿತು. ಬುಧವಾರ ಬೆಳಿಗ್ಗೆ ಕತ್ಬರ್ಟ್ ಎಂದಿನಂತೆ ಗೇಟಿನ ಹತ್ತಿರ ರೈಲು ನಿಲ್ಲಿಸಿ ಇಳಿದ. ಎಣಿಸುವವನು ಕಿಟಕಿಯಿಂದ ನೋಡುತ್ತಿದ್ದ. ಅವನ ಎದುರಿಗೇ ನಿಯಮ ಮುರಿಯುತ್ತಿದ್ದಾನಲ್ಲ ಈ ಹುಚ್ಚ ಅಂತ ನಾನೇ ಅವನತ್ತ ಓಡಿದೆ.

"ಎಲ್ಲಿ ವಿಲ್ಫ್?" ಅಂದ ಕತ್ಬರ್ಟ್.

"ಇವತ್ತು ಬರಲ್ಲ. ನೀನು ಹೋಗು."

"ಬುಧವಾರ ಕಣೇ ಇವತ್ತು."

"ಗೊತ್ತು. ಹೋಗು ಅಂದ್ರೆ ಹೋಗು." ಜೊತೆಗೆ ಒಂದು ಕಣ್ಣು ಮಿಟುಕಿಸಿದೆ.

ಅವನು ನನ್ನ ಮುಖವನ್ನೇ ನೋಡಿದ. ಹೆಚ್ಚೂಕಮ್ಮಿ ಖಾಲಿ ಡಬ್ಬಿಗಳ ಕಡೆ ತಿರುಗಿ ನೋಡಿದ, ಮತ್ತೆ ನನ್ನನ್ನು ನೋಡಿದ. ಏನೂ ತಿಳಿಯದವನ ಹಾಗೆ ಚೆನ್ನಾಗಿ ನಟಿಸುತ್ತಾನೆ ಅಂದುಕೊಂಡೆ. ಅಡುಗೆಮನೆಯಲ್ಲಿ ವಿಲ್ಫ್ ದಿಂಬಿಗೆ ಆನಿಕೊಂಡು ಕೂತಿದ್ದ. ಆ ವಾರ ಅವನು ಪಟ್ಟ ಪಾಡು ನನಗೆ ಗೊತ್ತು, ಗೋಡೆಗೆ ಗೊತ್ತು. ಆದರೂ "ನೀನು ಮಾಡಿದ್ದು ಸರಿ ಹುಡುಗಿ, ಅವನಿಗೋಸ್ಕರ ಒಂದು ವಾರ ತಡ್ಕೋತೀನಿ" ಅಂದ.

ಶನಿವಾರ ರೇನ್‌ಕೋಟಿನವನು ಹೊರಟುಹೋದ. ಕತ್ಬರ್ಟನನ್ನು ಯಾರೂ ಏನೂ ಕೇಳಲಿಲ್ಲ, ಯಾವ ನೋಟೀಸೂ ಬರಲಿಲ್ಲ. ಕಣಿವೆಯೇ ಒಂದಾಗಿ ಒಬ್ಬ ಮನುಷ್ಯನನ್ನು ಉಳಿಸಿಕೊಂಡೆವು ಅಂತ ನನಗೆ ಎಷ್ಟು ಹೆಮ್ಮೆ ಅಂದರೆ, ಆ ಭಾನುವಾರ ಚಾಪೆಲ್ಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ಮರುವಾರ ಜನ ಮತ್ತೆ ಹತ್ತಿದರು, ಬುಟ್ಟಿ ತುಂಬಿ ಮೊಟ್ಟೆ ಹೊರಗೆ ಉರುಳುತ್ತಿತ್ತು. ಕತ್ಬರ್ಟ್ ಮಾತ್ರ ಸ್ವಲ್ಪ ಮಂಕಾಗಿದ್ದ. ಹಲ್ಲುನೋವು ಇರಬೇಕು ಅಂದಳು ಹೆಸ್ಟರ್.

ಮುಂದಿನ ವಸಂತದಲ್ಲಿ ನಿಲ್ದಾಣಗಳ ಗೋಡೆಗೆ ಕಾಗದ ಅಂಟಿಸಿದರು. ಲೈನು ಮುಚ್ಚುತ್ತೇವೆ, ತೊಂದರೆಯಾಗುವವರು ಬ್ರಾಕ್ಸ್‌ಬಿಗೆ ಬಂದು ಹೇಳಿಕೊಳ್ಳಿ ಅಂತ. ಟೌನ್‌ಹಾಲಿನಲ್ಲಿ ಮೇಜಿನ ಹಿಂದೆ ಮೂವರು ಕೂತಿದ್ದರು. ನಾವು ನಲವತ್ತು ಜನ ಭಾನುವಾರ ಚಾಪೆಲ್ಲಿಗೆ ಹಾಕುವ ಒಳ್ಳೆಯ ಬಟ್ಟೆಯಲ್ಲಿ ಹೋಗಿದ್ದೆವು. ಕತ್ಬರ್ಟ್ ಕೊನೆಯ ಸಾಲಿನಲ್ಲಿ ಸಮವಸ್ತ್ರ ಹಾಕಿಕೊಂಡು ಕೂತಿದ್ದ. ನಾನೇ ಎದ್ದು ನಿಂತೆ, ಬಾಯಿ ಇರುವುದು ಮತ್ತೆ ಯಾತಕ್ಕೆ.

"ನನ್ನ ಗಂಡ ಪ್ರತಿ ಬುಧವಾರ ಈ ರೈಲಲ್ಲಿ ಆಸ್ಪತ್ರೆಗೆ ಹೋಗ್ತಾನೆ, ಸ್ವಾಮಿ. ಹೋಗದಿದ್ರೆ ಸಾಯ್ತಾನೆ. ಸಂತೆಗೆ ಹೋಗೋರು, ಶಾಲೆಗೆ ಹೋಗೋರು ಎಲ್ಲಾ ಇದರಲ್ಲೇ. ಬುಧವಾರ ಬಂದು ನೋಡಿ, ನಿಲ್ಲೋಕೆ ಜಾಗ ಇರಲ್ಲ."

ನಡುವೆ ಕೂತವನು ಕೆಟ್ಟವನಲ್ಲ. ಕನ್ನಡಕ ಏರಿಸಿಕೊಂಡು ಕಾಗದ ತೆಗೆದ.

"ಬಂದು ನೋಡಿದ್ದೀವಿ ತಾಯಿ. ಹೋದ ವರ್ಷ ಏಪ್ರಿಲ್, ಒಂದು ವಾರ. ದೇಶದಲ್ಲಿರೋ ಎಲ್ಲಾ ಲೈನಲ್ಲೂ ಒಂದೇ ವಾರ ಎಣಿಸಿದ್ದು. ಟಿಕೆಟ್ ಇದೆಯೋ ಇಲ್ವೋ ನೋಡಿಲ್ಲ, ಹತ್ತಿದ ತಲೆ ಎಷ್ಟು ಅಂತ ಮಾತ್ರ. ಬುಧವಾರ, ಸಂತೆಯ ದಿನ, ಬೆಳಗಿನ ರೈಲು. ಸ್ಟೇನ್‌ಗಿಲ್, ನಾಲ್ಕು. ಕೆಲ್‌ಬೆಕ್ ನಿಲ್ದಾಣ, ಸೊನ್ನೆ. ಮುಂದಿನದೂ ಸೊನ್ನೆ. ಅದರ ಮುಂದಿನದೂ ಸೊನ್ನೆ."

ಆ ನಾಲ್ಕು ಜನ ಗುಡ್ಡ ಹತ್ತಲು ಬಂದು ಮರಳುತ್ತಿದ್ದ ಪರವೂರಿನವರು. ನಾನು ಕೂತುಬಿಟ್ಟೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಹೆಸ್ಟರ್ ನನ್ನ ಕೈ ಹಿಡಿದುಕೊಂಡಳು. ನಲವತ್ತು ಜನರೂ ತಮ್ಮ ತಮ್ಮ ಬೂಟು ನೋಡುತ್ತಾ ಕೂತರು. ಎದ್ದು ನಿಜ ಹೇಳಬಹುದಿತ್ತು. ಯಾಕೆ ಹತ್ತಲಿಲ್ಲ ಅಂತ ಹೇಳಬೇಕಾದರೆ ಇಪ್ಪತ್ತು ವರ್ಷ ಟಿಕೆಟ್ ಇಲ್ಲದೆ ಹತ್ತಿದ್ದನ್ನೂ ಹೇಳಬೇಕು, ಅದೂ ರೈಲ್ವೆಯ ದೊಡ್ಡವರ ಎದುರಿಗೆ, ಹಿಂದಿನ ಸಾಲಿನಲ್ಲಿ ಅವನು ಕೂತಿರುವಾಗ. ಆಗ ನಿಜವಾಗಿಯೂ ಅವನ ಪಿಂಚಣಿ ಹೋಗುತ್ತಿತ್ತು. ಬಾಯಿ ಜೋರಿನ ಆಗ್ನೆಸ್ ಅವತ್ತು ಬಾಯಿ ಬಿಡಲಿಲ್ಲ. ಕೈಯಿಂದ ಜಾರಿಹೋದ ಕೋಲನ್ನು ಹುಡುಕುವವಳ ಹಾಗೆ ಆ ಕ್ಷಣವನ್ನು ಈಗಲೂ ಹುಡುಕುತ್ತೇನೆ.

ಅಕ್ಟೋಬರಿನ ಒಂದು ಶನಿವಾರ ಕೊನೆಯ ರೈಲು. ಎಲ್ಲಿಂದ ಬಂದರೋ ಜನ, ಡಬ್ಬಿಯೊಳಗೆ ಸೂಜಿ ಹಾಕಲೂ ಜಾಗವಿಲ್ಲ. ಕಣಿವೆಯವರೆಲ್ಲ ಇದ್ದರು. ಎಂಜಿನ್ನಿಗೆ ಕಪ್ಪು ಬಟ್ಟೆಯ ಹೂವು ಕಟ್ಟಿದ್ದರು. ಕತ್ಬರ್ಟ್ ಅವತ್ತು ಚೀಲ ತೆರೆದು ಪ್ರತಿಯೊಬ್ಬರ ಎದುರಿಗೂ ನಿಂತು "ಟಿಕೆಟ್" ಅಂದನಂತೆ. ಮೊಟ್ಟೆ ಬುಟ್ಟಿ ಇರಲಿಲ್ಲವಂತೆ. ಗೇಟಿನ ಹತ್ತಿರ ಬಂದಾಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನೋಡು ಹುಡುಗಿ, ನಿಲ್ಲೋಕೂ ಜಾಗ ಇಲ್ಲ. ಹೆಣ ನೋಡೋಕೆ ಎಲ್ಲರೂ ಬರ್ತಾರೆ. ಜ್ವರ ಬಂದಾಗ ಎಲ್ಲಿದ್ರು?"

ನಾನು ಹಸಿರು ಬಾವುಟ ಹಿಡಿದು ನಿಂತಿದ್ದೆ. ರೈಲು ಹೋಯಿತು. ಹಳಿಗೆ ಅಡ್ಡ ಗೇಟು ಎಳೆದೆ. ಮರುವಾರ ಬಂದು ಫೋನು ಕಿತ್ತುಕೊಂಡು ಹೋದರು. ಕತ್ಬರ್ಟನಿಗೆ ಪೂರ್ತಿ ಪಿಂಚಣಿ ಬಂತು. ಅದಕ್ಕೆ ಯಾವತ್ತೂ ಅಪಾಯವೇ ಇರಲಿಲ್ಲ.

ರೈಲಿಗೆ ಬದಲಾಗಿ ಬಸ್ಸು ಬಿಟ್ಟರು, ವಾರಕ್ಕೆ ಎರಡು ದಿನ. ಕ್ರಿಸ್‌ಮಸ್ಸಿನ ಮಾರನೆಯ ದಿನ ಹಿಮ ಬೀಳಲು ಶುರುವಾಯಿತು. ಮತ್ತೆ ಆ ಬಸ್ಸು ಕೆಲ್‌ಬೆಕ್ ಏರು ಹತ್ತಲಿಲ್ಲ. ಒಂದು ಬುಧವಾರ ತಪ್ಪಿತು, ಎರಡು ತಪ್ಪಿತು. ಮೂರನೆಯ ಬುಧವಾರದ ಹೊತ್ತಿಗೆ ವಿಲ್ಫನ ತುಟಿ ನೇರಳೆಯಾಗಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲು ರಾತ್ರಿ ಮೇಜಿಗೆ ತಲೆಯಿಟ್ಟು ಕೂತಿರುತ್ತಿದ್ದ.

ಅವತ್ತು ಬೆಳಿಗ್ಗೆ ಬಾಗಿಲು ಬಡಿಯಿತು. ಕತ್ಬರ್ಟ್. ಸ್ಟೇನ್‌ಗಿಲ್‌ನಿಂದ ಹಳಿ ಮೇಲೇ ಮೂರು ಮೈಲಿ ನಡೆದು ಬಂದಿದ್ದ, ಮೀಸೆಯ ಮೇಲೆಲ್ಲ ಮಂಜುಗಡ್ಡೆ. ಅಕ್ಟೋಬರಿನ ಮೇಲೆ ನಾನು ಅವನ ಮುಖ ನೋಡಿದ್ದು ಅದೇ ಮೊದಲು.

"ಬುಧವಾರ ಅಲ್ವಾ ಇವತ್ತು?" ಅಂದ. "ಹಳಿ ಇನ್ನೂ ಕಿತ್ತಿಲ್ಲ. ಗೇಟಿನಾಚೆ ಗುಡಿಸಲಲ್ಲಿ ಹಳಿ ಮೇಲೆ ಓಡೋ ರಿಪೇರಿಯವರ ತಳ್ಳುಗಾಡಿ ಇದೆ. ಹೆಸ್ಟರ್ ಮಕ್ಕಳನ್ನ ಕೂಗು."

ಹೆಸ್ಟರಳ ಇಬ್ಬರು ಗಂಡುಮಕ್ಕಳು, ಹೆಂಡತಿ ಮಕ್ಕಳಿರುವ ಗಟ್ಟಿ ಆಳುಗಳು, ಸಲಿಕೆ ಹಿಡಿದು ಬಂದರು. ಕತ್ಬರ್ಟ್ ವಿಲ್ಫನನ್ನು ಎತ್ತಿಕೊಂಡು ರಸ್ತೆ ದಾಟಿ ಗಾಡಿಯ ಮೇಲೆ ಕೂರಿಸಿದ. ಈ ಸಲ ಭಾರದ ಮಾತಾಡಲಿಲ್ಲ. ನಾಲ್ಕು ಕಂಬಳಿ ಸುತ್ತಿ, ಅವನ ಬೆನ್ನಿಗೆ ನಾನು ಆಸರೆಯಾಗಿ ಕೂತೆ, ಮೂವರೂ ತಳ್ಳಿದರು. ಎತ್ತರದ ದಿಣ್ಣೆಯ ಮೇಲೆ ಗಾಳಿ ಹಿಮವನ್ನು ಗುಡಿಸಿ ಹಾಕಿತ್ತು, ಎರಡು ಮೈಲಿ ಸಲೀಸಾಗಿ ಹೋಯಿತು. ವಿಲ್ಫ್ ಕಣ್ಣು ಬಿಟ್ಟು ಸುತ್ತ ನೋಡಿದ. ಬದುಕುತ್ತಾನೆ ಅಂತ ನಾನು ನಂಬಿದೆ. ಬಂಡೆ ಕಡಿದು ಹಳಿ ತೂರಿಸಿರುವ ಜಾಗಕ್ಕೆ ಬಂದೆವು. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಅಂಚಿನವರೆಗೂ ಹಿಮ. ಎಂಜಿನ್ನು ಸೀಳುತ್ತಿದ್ದ ಹಿಮ ಅದು, ಸಲಿಕೆಗೆ ಬಗ್ಗುವಂಥದ್ದಲ್ಲ. ಆದರೂ ಹೆಸ್ಟರ್ ಮಕ್ಕಳು ಅಗೆಯಲು ನಿಂತರು.

ಕತ್ಬರ್ಟ್ ಒಂದು ಗಂಟೆ ಅಗೆದ. ಆಮೇಲೆ ದಣಿದು ಗಾಡಿಗೆ ಒರಗಿದ.

"ನಲವತ್ತೇಳರಲ್ಲಿ ನಾವು ಇಲ್ಲಿ ಇಪ್ಪತ್ತು ನಿಮಿಷದಲ್ಲಿ ದಾಟಿದ್ವಿ," ಅಂದ. ಆಮೇಲೆ ನನ್ನ ಕಡೆ ನೋಡದೆ, "ಒಂದೇ ಒಂದು ವಾರ ಕಣೇ. ಒಬ್ಬರೂ ಹತ್ತಲಿಲ್ಲ. ಎಣಿಸೋನಿಗೆ ನಾನೇ ಹೇಳಿದ್ದೆ, ತಾಳಯ್ಯ, ಬುಧವಾರ ನಿನಗೆ ಕೂರೋಕೆ ಜಾಗ ಸಿಗಲ್ಲ ಅಂತ. ನಾನೇನು ತಪ್ಪು ಮಾಡಿದ್ದೆ ಅಂತ ಇವತ್ತಿನವರೆಗೂ ಹೊಳೆದಿಲ್ಲ."

ಕಂಬಳಿಯೊಳಗಿಂದ ವಿಲ್ಫನ ದನಿ ಬಂತು. "ಹೇಳು ಹುಡುಗಿ. ಅವನಿಗೆ ಹೇಳು."

ಹೇಳಿದೆ. ಫೋನು, ಬಾತುಕೋಳಿ, ಚಾಪೆಲ್ಲಿನ ಬಾಗಿಲು, ಕಣ್ಣು ಮಿಟುಕಿಸಿದ್ದು, ಎಲ್ಲ. ಹೇಳುವಾಗ ಅತ್ತೆ. ಅವನು ಕೇಳಿ ಮುಗಿದ ಮೇಲೆ ಮೆಲ್ಲಗೆ ಹೇಳಿದ, "ನನಗೆ ಕಾಗದ ಬಂದಿತ್ತು. ಬರೀ ತಲೆ ಎಣಿಸ್ತಾರೆ ಅಂತ ಬರೆದಿತ್ತು. ಜನರಿಗೆ ಮುಂಚೆ ತಿಳಿಸಕೂಡದು ಅಂತಾನೂ ಬರೆದಿತ್ತು. ಇಡೀ ಕೆಲಸದಲ್ಲಿ ನಾನು ಪಾಲಿಸಿದ ನಿಯಮ ಅದೊಂದೇ." ಎದ್ದು ಹೋಗಿ ಮತ್ತೆ ಸಲಿಕೆ ಹಿಡಿದ. ಹುಚ್ಚು ಹಿಡಿದವನ ಹಾಗೆ ಅಗೆದ.

ವಿಲ್ಫ್ ಮಧ್ಯಾಹ್ನ ಎರಡರ ಸುಮಾರಿಗೆ ಹೋದ. ನನ್ನ ಎದೆಗೆ ಆನಿಕೊಂಡಿದ್ದ ಬೆನ್ನು ಏಳುವುದು ನಿಲ್ಲಿಸಿತು, ಅಷ್ಟೇ. ಹಿಮದಲ್ಲಿ ಅವರು ತೋಡಿದ್ದು ಮೂವತ್ತು ಗಜವೂ ಇರಲಿಲ್ಲ. ಕತ್ಬರ್ಟ್ ಬಂದು ಅವನ ಟೋಪಿ ಸರಿಮಾಡಿದ. ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಹೊರಟೆವು. ನಾನು ಇಳಿದು ಪಕ್ಕದಲ್ಲಿ ನಡೆದೆ.

ಕೆಲ್‌ಬೆಕ್ ಮುಟ್ಟಿದಾಗ ಹಳಿಗೆ ಅಡ್ಡ ಗೇಟು ಮುಚ್ಚಿತ್ತು. ಅಕ್ಟೋಬರಿನಲ್ಲಿ ನಾನು ಎಳೆದಿಟ್ಟದ್ದು ಹಾಗೇ ಇತ್ತು. ನನ್ನ ಮನೆ ಅದರಾಚೆ. ಹೆಸ್ಟರಳ ದೊಡ್ಡ ಮಗ ಗೇಟಿಗೆ ಕೈಹಾಕಲು ಹೋದ. ಕತ್ಬರ್ಟ್ ಅವನ ತೋಳು ಹಿಡಿದು ತಡೆದ.

"ಅದು ಅವಳ ಕೆಲಸ," ಅಂದ.

ಗಾಡಿ ನಿಲ್ಲಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಹಿಂದೆಲ್ಲ ಕಾಯುತ್ತಿದ್ದ ಹಾಗೇ ಕಾಯುತ್ತಾ ನಿಂತ. ನಾನು ಅವನ ಮುಂದೆ ಹಾದುಹೋಗುವಾಗ ಬರೀ ನನಗೆ ಕೇಳುವ ಹಾಗೆ ಹೇಳಿದ.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ, ಹುಡುಗಿ."

ಅದರಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೇಟಿನ ಬುಡದಲ್ಲಿ ಹೆಪ್ಪುಗಟ್ಟಿದ ಹಿಮವನ್ನು ಕೈಯಿಂದಲೇ ಕೆರೆದು ತೆಗೆದೆ. ಎರಡೂ ಗೇಟು ರಸ್ತೆಗೆ ಅಡ್ಡ ಎಳೆದೆ. ರಸ್ತೆಯಲ್ಲಿ ತಡೆಯಲು ಯಾರೂ ಇರಲಿಲ್ಲ. ಅವರು ನನ್ನ ಗಂಡನನ್ನು ದಾಟಿಸಿದರು. ಆಮೇಲೆ ನಾನು ಹಳಿಗೆ ಅಡ್ಡ ಗೇಟು ಎಳೆದು ಚಿಲಕ ಹಾಕಿದೆ.